ನಿಮ್ಮವ್ವನ ಕಣ್ಣು

ಮಹಾದೇವಿ, ಬಸ್ಸಿನ ಹೊತ್ತು ತೋರಿಸುವ ಆ ವೆಬ್ ಪುಟ ನಾನು ಮಾಡಿದ್ದಲ್ಲ. ನಿನ್ನದನ್ನೇ ಎತ್ತಿಕೊಂಡು, ಅಡಿಯಲ್ಲಿ ನನ್ನ ಹೆಸರು ಹಾಕಿ ಕೆಲಸದ ಸಂದರ್ಶನಕ್ಕೆ ಹೋಗಿದ್ದೆ. ಅವತ್ತು ನಿನ್ನನ್ನು ಕಳ್ಳಿಯ ಹಾಗೆ ಕಂಡರಲ್ಲ — ಕಳ್ಳಿ ನಾನು. ಏಳು ವರ್ಷ ಆಯಿತು. ಇದನ್ನು ನಿನಗಾಗಿ ಬರೆಯುತ್ತಿದ್ದೇನೋ, ನನ್ನ ಮನಸ್ಸು ಹಗುರಾಗಲಿ ಎಂದು ಬರೆಯುತ್ತಿದ್ದೇನೋ, ಅದೂ ಸರಿಯಾಗಿ ತಿಳಿಯುತ್ತಿಲ್ಲ.

ಪುಣೆಯ ಹಡಪಸರದ ಆ ವೆಬ್ ಕ್ಲಾಸಿನಲ್ಲಿ ಕನ್ನಡದವರು ನಾವಿಬ್ಬರೇ. ನಮ್ಮಪ್ಪ ಬಟ್ಟೆ ಅಂಗಡಿಯ ಗುಮಾಸ್ತ, ನಿಮ್ಮವ್ವ ಕಟ್ಟಡದ ಕೆಲಸಕ್ಕೆ ಹೋಗುವವಳು. ಸರ್ ಮೊದಲ ದಿನವೇ ಹೇಳಿದ್ದರು — ಬೇರೆಯವರ ಪುಟ ತೆರೆದು ಒಳಗಿನ ಕೋಡ್ ನೋಡಿ, ಬಿಚ್ಚಿ, ಮತ್ತೆ ಜೋಡಿಸಿ. ಎಲ್ಲರೂ ಹಾಗೇ ಕಲಿತದ್ದು ಎಂದು. ಅದಕ್ಕೇ ಎಲ್ಲರ ಕೆಲಸವೂ ಒಂದೇ ಫೋಲ್ಡರಿನಲ್ಲಿ ಇರುತ್ತಿತ್ತು. ನಾನೂ ನೋಡುತ್ತಿದ್ದೆ. ನೋಡುವುದು ಎಲ್ಲಿ ಮುಗಿದು ಕದಿಯುವುದು ಎಲ್ಲಿ ಶುರುವಾಯಿತೋ, ಆ ಗೆರೆ ನನಗೆ ಇವತ್ತಿಗೂ ಸಿಕ್ಕಿಲ್ಲ. ಸಿಕ್ಕಿಲ್ಲ ಅನ್ನುವುದೂ ಸುಳ್ಳೇ ಇರಬಹುದು.

ನಾನು ಮಾಡಿದ್ದು ಮಿಠಾಯಿ ಅಂಗಡಿಯ ಪುಟ. ಕಂಪ್ಯೂಟರಿನಲ್ಲಿ ಲಕ್ಷಣವಾಗಿತ್ತು, ಮೊಬೈಲಿನಲ್ಲಿ ತೆರೆದರೆ ಪೇಡೆಯ ಚಿತ್ರದ ಮೇಲೆ ಅಂಗಡಿಯ ವಿಳಾಸ ಹತ್ತಿ ಕೂರುತ್ತಿತ್ತು. ನೀನು ಮಾಡಿದ್ದು ನಿಮ್ಮವ್ವನಿಗಾಗಿ. ಇಂದಾಪುರದಲ್ಲಿದ್ದ ನಿಮ್ಮಕ್ಕನ ಮನೆಗೆ ಆಕೆ ಒಬ್ಬಳೇ ಹೋಗಿಬರಬೇಕು. ಕನ್ನಡವನ್ನೇ ಅಕ್ಷರ ಕೂಡಿಸಿ ಕೂಡಿಸಿ ಓದುವವಳು, ಬಸ್ಸಿನ ಬೋರ್ಡೆಲ್ಲ ಮರಾಠಿ. ನೀನು ಊರ ಹೆಸರನ್ನು ಬೋರ್ಡಿನ ಮೇಲೆ ಹೇಗೆ ಕಾಣುತ್ತದೋ ಹಾಗೇ ಬರೆದು, ಪಕ್ಕದಲ್ಲಿ ದಪ್ಪ ಕನ್ನಡದಲ್ಲಿ ಅದೇ ಹೆಸರು ಹಾಕಿ, ಕೆಳಗೆ ಬಸ್ಸಿನ ಹೊತ್ತು ಕೊಟ್ಟಿದ್ದೆ. ಅಷ್ಟೇ. ಅಷ್ಟು ಚೆಂದದ ಪುಟ ನಾನು ಆಮೇಲೂ ಮಾಡಿಲ್ಲ.

ನಾವಿಬ್ಬರೂ ಒಂದೇ ಕೆಲಸದ ಸಂದರ್ಶನಕ್ಕೆ ಹೋಗಬೇಕಿದ್ದ ಬೆಳಗ್ಗೆ ಫೋಲ್ಡರ್ ತೆರೆದೆ. ನಿನ್ನ ಪುಟದ ಹಸಿರು ತೆಗೆದು ನೀಲಿ ಮಾಡಿದೆ, ಹೆಸರು ಬದಲಿಸಿದೆ. ನೀನೂ ಅದೇ ಪುಟ ತೋರಿಸುತ್ತೀ ಎಂದು ಹೊಳೆಯಲಿಲ್ಲವೇ — ಹೊಳೆದಿರಬೇಕು, ಆದರೆ... ಕೋಡಿನ ನಡುವೆ ನೀನು ನಿನಗೇ ಬರೆದುಕೊಂಡಿದ್ದ ಒಂದು ಸಾಲಿತ್ತು, ಪುಟ ನೋಡುವವರಿಗೆ ಕಾಣದ ಸಾಲು. ಗಡಿಬಿಡಿಯಲ್ಲಿ ನನಗೂ ಕಾಣಲಿಲ್ಲ. "ಅಕ್ಷರ ಇನ್ನೂ ದೊಡ್ಡವು ಮಾಡಬೇಕು, ಅವ್ವನ ಕಣ್ಣು ಮಂಜಾಗ್ಯಾವ."

ಸಂದರ್ಶಕರು ಬೆಂಗಳೂರಿನ ಕಡೆಯವರು. ಕೋಡ್ ತೆರೆದವರು ಆ ಸಾಲು ಓದಿ ತಲೆಯೆತ್ತಿದರು.

"ನಿಮ್ಮ ತಾಯಿಗೆ ಕಣ್ಣು ಸರಿಯಾಗಿ ಕಾಣಲ್ವೇನಮ್ಮ?"

"ಹೌದ್ರಿ ಸರ್. ನಮ್ಮವ್ವಗ ಭಾಳ ಮಂಜು."

ನಮ್ಮವ್ವ ಇವತ್ತಿಗೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಾಳೆ, ಮಹಾದೇವಿ. ಆ ಮಾತು ಕೇಳಿ ಅವರ ಮುಖ ಮೆತ್ತಗಾಯಿತು. ಕೆಲಸ ನನಗೆ ಸಿಕ್ಕಿದ್ದು ಆ ಕ್ಷಣದಲ್ಲಿ.

ನನ್ನ ಹಿಂದೆಯೇ ನೀನು ಒಳಗೆ ಹೋದೆ, ಬೇಗ ಹೊರಗೆ ಬಂದೆ. ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತು, ಅವರು ಅಂದದ್ದನ್ನು ಅವರ ಮಾತಿನಲ್ಲೇ ಒಪ್ಪಿಸಿದೆ: "ಪುಟ ಕಾಪಿ ಮಾಡಿದ್ದಾಯ್ತು, ಬೇರೆಯವರ ತಾಯೀನೂ ಕಾಪಿ ಮಾಡಬೇಕಿತ್ತಾ?" ಆಮೇಲೆ ನನ್ನ ಕಡೆ ತಿರುಗಿದೆ. "ಗಿರಿಜಾ, ಅವರು ಹಂಗ್ಯಾಕ ಅಂದ್ರು?"

"ನನಗೇನ್ ಗೊತ್ತವ್ವಾ. ಎಲ್ಲಾರದೂ ಒಂದೇ ಫೋಲ್ಡರ್ ಅದ, ಏನರ ಅದಲುಬದಲು ಆಗಿರಬೇಕು," ಅಂದೆ.

ನೀನು ನಂಬಿದೆಯೋ, ನಂಬಿದಂತೆ ಇದ್ದುಬಿಟ್ಟೆಯೋ — ಆ ಸಾಲು ಓದಬಲ್ಲವಳು ಆ ಕ್ಲಾಸಿನಲ್ಲಿ ನಿನ್ನನ್ನು ಬಿಟ್ಟರೆ ನಾನೊಬ್ಬಳೇ ಇದ್ದೆನಲ್ಲ. ನನ್ನ ಭುಜ ತಟ್ಟಿ "ನಿನಗರ ಸಿಗಲಿ ಬಿಡು" ಎಂದು ಎದ್ದು ಹೋದೆ. ಮರುದಿನದಿಂದ ಕ್ಲಾಸಿಗೆ ಬರಲಿಲ್ಲ. ಆಮೇಲೆ ನಿನಗೆ ಮದುವೆಯಾಯಿತು, ದೌಂಡಿಗೆ ಹೋದೆ, ಸ್ಟೇಷನ್ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟಿದ್ದೀಯ, ರೈಲ್ವೆ ಪರೀಕ್ಷೆಯ ಫಾರ್ಮ್ ತುಂಬಿಕೊಡುತ್ತೀಯ ಎಂದು ಕೇಳಿದೆ.

ಈಗ ಭಾನುವಾರ ನಾನೇ ನಮ್ಮ ಓಣಿಯ ಹುಡುಗಿಯರಿಗೆ ಕಲಿಸುತ್ತೇನೆ. ವೆಬ್ ಡೆವಲಪರ್ ಆಗುವುದು ಹೇಗೆ ಎಂದು ಕೇಳುತ್ತಾರೆ. ಮೊದಲು ಪುಟದ ಗೋಡೆ ಎಬ್ಬಿಸುವುದು ಕಲಿಯಿರಿ, ಆಮೇಲೆ ಬಣ್ಣ, ಆಮೇಲೆ ಬೆರಳು ತಾಗಿದರೆ ಉತ್ತರ ಕೊಡುವ ಹಾಗೆ ಮಾಡುವುದು, ಮೊಬೈಲಿನಲ್ಲಿ ತೆರೆದು ನೋಡದೆ ಮುಗಿಯಿತು ಅನ್ನಬೇಡಿ ಅನ್ನುತ್ತೇನೆ. ಕೊನೆಗೆ, ನಿಮಗೆ ಗೊತ್ತಿರುವ ಒಬ್ಬರಿಗೆ, ಅವರಿಗೆ ನಿಜವಾಗಿ ಬೇಕಾದ ಒಂದು ಪುಟ ಮಾಡಿ ಅನ್ನುತ್ತೇನೆ. ಇದು ನಿನ್ನ ಪಾಠ. ತೋರಿಸುವುದೂ ನಿನ್ನ ಪುಟವನ್ನೇ.

ಹೋದ ವಾರ ರೇಣುಕಾ ಎಂಬ ಹುಡುಗಿ ಆ ಸಾಲು ಕಂಡು ಕೇಳಿದಳು, "ಅಕ್ಕಾರ, ನಿಮ್ಮವ್ವಗ ಕಣ್ಣು ಕಾಣೂದಿಲ್ಲೇನ್ರಿ?" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ಪರದೆಗೆ ಅಡ್ಡ ಹೋಯಿತು. ಹೌದು ಅನ್ನಲು ಬಾಯಿಯೂ ತೆರೆದಿತ್ತು.

"ಅದು ನಮ್ಮವ್ವ ಅಲ್ಲ," ಅಂದೆ.

"ಮತ್ತ ಯಾರವ್ವರಿ?"

ಮುಂದಿನ ವಾರ ಹೇಳುತ್ತೇನೆ ಎಂದೆ. ಪುಟದಿಂದ ನನ್ನ ಹೆಸರು ತೆಗೆದಿದ್ದೇನೆ. ನಿನ್ನದನ್ನು ಹಾಕಿಲ್ಲ — ಈ ಸಲವಾದರೂ ಕೇಳಿ ಹಾಕಬೇಕು. ಶನಿವಾರ ಈ ಕಾಗದ ಹಿಡಿದು ದೌಂಡಿಗೆ ಬರುತ್ತೇನೆ. ನೀನು ಮಾತಾಡದಿದ್ದರೆ ಕಾಗದವನ್ನು ಅಂಗಡಿಯ ಕಟ್ಟೆಯ ಮೇಲಿಟ್ಟು ತಿರುಗಿ ಬರುತ್ತೇನೆ. ನೀನು ಏನೆಂದರೂ ಭಾನುವಾರ ಆ ಹುಡುಗಿಯರಿಗೆ ನಡೆದದ್ದನ್ನು ಹೇಳುತ್ತೇನೆ.

ಬರೆಯುತ್ತಾ ಬರೆಯುತ್ತಾ ಈಗ ಹೊಳೆಯಿತು. ಏಳು ವರ್ಷ ನಿಮ್ಮವ್ವನ ಕಣ್ಣಿನ ಹೆಸರಲ್ಲಿ ಅನ್ನ ಉಂಡೆ. ಆಕೆಗೆ ಈಗ ಕಣ್ಣು ಕಾಣುತ್ತದೆಯೇ ಎಂದು ಒಂದು ದಿನವೂ ಕೇಳಲಿಲ್ಲ.