ರಾಹುಕಾಲಕ್ಕೆ ಅಪ್ಪನ ಅಕ್ಷರ

ನಾನು ಮಾರುವ ದಿನಚರಿ ಪ್ಲಾನರುಗಳಲ್ಲಿ ಜನವರಿಯಿಂದ ಡಿಸೆಂಬರಿನವರೆಗೆ ಎಲ್ಲ ಅಕ್ಷರವೂ ಅಪ್ಪನದು. ಅಪ್ಪ ನಗರಗೆರೆ ಕಡೆಯ ಸರ್ಕಾರಿ ಶಾಲೆಯಲ್ಲಿ ಕನ್ನಡ ಮೇಷ್ಟ್ರಾಗಿದ್ದವನು. ಬೋರ್ಡಿನ ಮೇಲೆ ಅವನು ಬರೆದದ್ದನ್ನು ಒರೆಸಲು ಮಕ್ಕಳು ಹಿಂದೆಮುಂದೆ ನೋಡುತ್ತಿದ್ದರಂತೆ. ಇದು ಅವನೇ ಹೇಳಿದ ಮಾತು, ಹಾಗಾಗಿ ಸ್ವಲ್ಪ ಕಡಿಮೆ ಮಾಡಿಕೊಂಡು ನಂಬಬೇಕು. ಆದರೆ ಅಕ್ಷರ ಮಾತ್ರ ನಿಜಕ್ಕೂ ಚೆಂದ.

ಮೊದಲು ನಾನು ಗೌರಿಬಿದನೂರಿನ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಲಗ್ನಪತ್ರಿಕೆ, ಬಾಡಿಗೆ ಕರಾರು, ಗೃಹಪ್ರವೇಶದ ಕಾರ್ಡು, ಎಲ್ಲಕ್ಕೂ ಅದೇ ಕಂಪ್ಯೂಟರ್ ಅಕ್ಷರ. ಒಂದು ದಿನ ಗಿರಾಕಿಯೊಬ್ಬರು ಬೆಂಗಳೂರಿನಿಂದ ತಂದ ಪ್ಲಾನರನ್ನು ಮೇಜಿನ ಮೇಲೆ ಮರೆತು ಹೋದರು. ತೆರೆದು ನೋಡಿದರೆ ಪುಟಪುಟದಲ್ಲೂ ಏಳು, ಓಡು, ಗೆಲ್ಲು ಎಂದು ಇಂಗ್ಲಿಷಿನಲ್ಲಿ ಬೈದ ಹಾಗೆ ಬರೆದಿತ್ತು. ಅವತ್ತು ನಲ್ಲಿಯಲ್ಲಿ ನೀರು ಬಂತೆಂದು ಕತ್ತಲಿರುವಾಗಲೇ ಎದ್ದು ಕೊಡ ತುಂಬಿಸಿ ಬಂದಿದ್ದೆ. ನನಗೆ ಏಳು ಎನ್ನಲು ಇವರು ಯಾರು ಎಂದು ಮೈಯೆಲ್ಲ ಉರಿಯಿತು. ನಮ್ಮ ಕಡೆಯ ಹೆಂಗಸರಿಗೆ ಬೇಕಾದದ್ದನ್ನು ನಾನೇ ಮಾಡುತ್ತೇನೆ ಎಂದು ಹೊರಟದ್ದು ಆ ಉರಿಯಲ್ಲೇ.

ನನ್ನ ಪ್ಲಾನರಿನಲ್ಲಿ ಯಾರನ್ನೂ ಏಳಿಸುವ ಮಾತಿಲ್ಲ. ನೀರು ಬಂದ ದಿನ, ಗ್ಯಾಸ್ ಬುಕ್ ಮಾಡಿದ ದಿನ, ಇಂದಿನ ಕೆಲಸ, ಕಾಯಿಪಲ್ಲೆ, ರಾತ್ರಿಗೆ ಏನು, ಯಾರ ಹುಟ್ಟುಹಬ್ಬ, ಹೊಸ ಬಟ್ಟೆ ಯಾರಿಗೆ. ಇವು ತಲೆಬರಹಗಳು. ಇವನ್ನೆಲ್ಲ ಅಪ್ಪ ಡ್ರಾಯಿಂಗ್ ಹಾಳೆಯ ಮೇಲೆ ಓರೆ ತುದಿಯ ಕಟ್ ನಿಬ್ ಪೆನ್ನಿನಲ್ಲಿ ಬರೆದುಕೊಟ್ಟ. ನಾನು ಸ್ಕ್ಯಾನ್ ಮಾಡಿ, ಗೆರೆ ಹಾಕಿ, ಪುಟ ಜೋಡಿಸಿ ಪ್ರೆಸ್ಸಿಗೆ ಕಳಿಸಿದೆ. ಮನೆಯ ಮುಂದಿನ ಕೋಣೆಯೇ ಅಂಗಡಿಯಾಯಿತು. ಪ್ಲಾನರ್ ಎಂದರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡು ಬಾಗಿಲಿಗೆ ‘ಇಲ್ಲಿ ಡೈರಿ ಸಿಗುತ್ತದೆ’ ಎಂದು ಬರೆದು ತೂಗುಹಾಕಿದೆ. ಮಾರನೆಯ ಬೆಳಗ್ಗೆ ಕ್ಯಾನ್ ಹಿಡಿದುಕೊಂಡು ಬಂದವರೊಬ್ಬರು, "ಹಾಲು ಎಷ್ಟೊತ್ತಿಗೆ ಹಾಕಿಸ್ಕೊಳ್ತೀರಮ್ಮಾ?" ಎಂದು ಕೇಳಿದರು. ನಮ್ಮ ಸೀಮೆಯಲ್ಲಿ ಡೈರಿ ಎಂದರೆ ಹಾಲಿನ ಡೈರಿ ಒಂದೇ. ಅಪ್ಪ ಒಳಗಿನಿಂದ ನಕ್ಕದ್ದು ಬೀದಿಗೆ ಕೇಳಿಸಿತು. ಬೋರ್ಡು ತೆಗೆದೆ.

ಪ್ಲಾನರು ನಿಧಾನವಾಗಿ ಚಿಕ್ಕಬಳ್ಳಾಪುರ, ಚಿಂತಾಮಣಿಯ ಪುಸ್ತಕದಂಗಡಿಗಳಿಗೂ ಹೋಯಿತು. ಅಕ್ಷರ ನೋಡಿಯೇ ಜನ ಕೈಗೆತ್ತಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಅಪ್ಪನ ಬಲಗೈ ನಡುಗಲು ಶುರುವಾಯಿತು. ಮೊದಲು ಕಾಫಿ ಲೋಟ ಕುಲುಕುತ್ತಿತ್ತು, ಆಮೇಲೆ ಪೆನ್ನು. ಚಿಕ್ಕಬಳ್ಳಾಪುರದ ಡಾಕ್ಟರು ಕಾಯಿಲೆಗೊಂದು ಹೆಸರು ಹೇಳಿ, ಮಾತ್ರೆ ಬರೆದು, ಇದು ಹೋಗುವುದಲ್ಲ, ಹತೋಟಿಯಲ್ಲಿ ಇಟ್ಟುಕೊಳ್ಳುವುದು ಎಂದರು. ಅಪ್ಪ ಬರೆಯುವುದನ್ನು ನಿಲ್ಲಿಸಿದ. ಬ್ಯಾಂಕಿನಲ್ಲಿ ಸಹಿ ಸರಿಹೋಗದೆ ಹೆಬ್ಬೆಟ್ಟು ಒತ್ತಿ ಬಂದ ದಿನ ಮಾತ್ರ ಊಟ ಬೇಡವೆಂದ. ಹಾಗಾಗಿ ನನ್ನ ಬಳಿ ಇದ್ದದ್ದು ಹಳೆಯ ಅಕ್ಷರಗಳಷ್ಟೇ. ಹೊಸ ತಲೆಬರಹ ಬೇಕಾದರೆ ಹುಟ್ಟುವಂತಿರಲಿಲ್ಲ.

ಇನ್ನು ರಾಹುಕಾಲದ ವಿಷಯ. ನಮ್ಮದು ಬೌದ್ಧ ಮನೆ. ಅಪ್ಪ ವಯಸ್ಸಿನಲ್ಲಿದ್ದಾಗಲೇ ದೀಕ್ಷೆ ತೆಗೆದುಕೊಂಡವನು. ಪಂಚಾಂಗವಿರಲಿ, ರಾಹುಕಾಲ ಹಾಕಿದ ಕ್ಯಾಲೆಂಡರನ್ನೂ ಅವನು ಒಳಗೆ ಬಿಟ್ಟುಕೊಂಡವನಲ್ಲ. ಯಾರಾದರೂ ಉಚಿತವಾಗಿ ಕೊಟ್ಟರೆ ರಾಹುಕಾಲದ ಮೂಲೆಯನ್ನು ಕತ್ತರಿಸಿ ತೂಗುಹಾಕುತ್ತಿದ್ದ. "ಪಂಚಾಂಗ ಹೇಳೋರು ನಮ್ಮಪ್ಪನ್ನ ಹೊಸ್ತಿಲಾಚೆ ನಿಲ್ಲಿಸಿ ಒಳ್ಳೇ ಹೊತ್ತು ಕೆಟ್ಟ ಹೊತ್ತು ಹೇಳ್ತಿದ್ರು. ಹೊರಗೆ ನಿಂತೋನಿಗೆ ಯಾವ ಹೊತ್ತಾದ್ರೇನು?" ಎನ್ನುತ್ತಿದ್ದ. ಒಳ್ಳೆಯ ಕೆಲಸಗಳನ್ನೆಲ್ಲ ಹುಡುಕಿ ಹುಡುಕಿ ರಾಹುಕಾಲದಲ್ಲೇ ಮಾಡಿಸಿದ. ನನ್ನನ್ನು ಶಾಲೆಗೆ ಸೇರಿಸಿದ್ದು ರಾಹುಕಾಲದಲ್ಲಿ. ನನ್ನ ಮದುವೆ ನೋಂದಣಿಯಾದದ್ದು ಶುಕ್ರವಾರ ಹತ್ತೂವರೆಯ ಮೇಲೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆ ಹೊತ್ತಿಗೆ ನರಪಿಳ್ಳೆಯೂ ಇರಲಿಲ್ಲ, ಕೆಲಸ ಸಲೀಸಾಗಿ ಮುಗಿಯಿತು. "ನೋಡ್ದಾ, ರಾಹು ನಮ್ಮೋನು ಕಣಮ್ಮ," ಎಂದು ಅಪ್ಪ ಗಂಡಿನ ಕಡೆಯವರ ಮುಂದೆಯೇ ಹೇಳಿದ್ದ.

ಇಂಥ ಮನೆಗೆ ಶಿಡ್ಲಘಟ್ಟದಿಂದ ಫೋನು ಬಂತು. ಅಲ್ಲಿ ರೇಷ್ಮೆ ಸೀರೆಗೆ ಬ್ಲೌಸ್ ಹೊಲಿದುಕೊಡುವ ದೊಡ್ಡ ಟೈಲರಿಂಗ್ ಅಂಗಡಿ ಇಟ್ಟುಕೊಂಡಿರುವ ಹೆಂಗಸು. ಚಿಂತಾಮಣಿಯಲ್ಲಿ ನನ್ನ ಪ್ಲಾನರ್ ನೋಡಿದ್ದರಂತೆ. ತಮ್ಮ ಅಂಗಡಿಯ ಹೆಸರು ಹಾಕಿಸಿ, ಹೊಸ ವರ್ಷಕ್ಕೆ ಗಿರಾಕಿಗಳಿಗೆಲ್ಲ ಒಂದೊಂದು ಕೊಡಬೇಕೆಂದು ಅವರ ಆಸೆ. ಅಷ್ಟು ದೊಡ್ಡ ಆರ್ಡರು ನನಗೆ ಅದುವರೆಗೆ ಬಂದಿರಲಿಲ್ಲ. ಅದು ಬಂದರೆ ಈ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ನಾನು ಮತ್ತೆ ಡಿಟಿಪಿ ಅಂಗಡಿಯ ಸ್ಟೂಲಿನ ಮೇಲೆ ಕೂರಬೇಕು ಎನ್ನುವ ಪರಿಸ್ಥಿತಿ.

"ಎಲ್ಲ ಚೆನ್ನಾಗೈತೆ ಮೇಡಂ. ದಿನಾ ರಾಹುಕಾಲದ್ದು ಒಂದು ಸಾಲು ಹಾಕ್ಬಿಡಿ, ಅಂತೇ," ಎಂದರು. ಅಷ್ಟೇ ಎನ್ನಲು ಅಂತೇ ಎಂದಂತೆ, ಅವರ ಮಾತಿನಲ್ಲಿ ತೆಲುಗು ಹಾಗೇ ಬಂದು ಹೋಗುತ್ತಿತ್ತು.

ನಾನು ಅಪ್ಪನನ್ನು ಕೇಳಿದೆ. ಕೇಳುವ ಮುಂಚೆಯೇ ಉತ್ತರ ಗೊತ್ತಿತ್ತು.

"ನಿನ್ನ ವ್ಯಾಪಾರ, ನೀನು ಏನಾದ್ರೂ ಹಾಕ್ಕೋ. ನನ್ನ ಅಕ್ಷರದಲ್ಲಿ ಮಾತ್ರ ಬೇಡ. ಅದೊಂದು ಸಾಲು ಕಂಪ್ಯೂಟರಲ್ಲಿ ಹೊಡ್ಕೋ."

ಹೊಡೆದು ಕಳಿಸಿದೆ. ಶಿಡ್ಲಘಟ್ಟದವರು ಒಪ್ಪಲಿಲ್ಲ. "ಒಂದೇ ಬ್ಲೌಸಿಗೆ ಬೇರೆ ಬಟ್ಟೆ ತೋಳು ಇಟ್ಟಂಗೈತೆ. ಇದೂ ಮೇಷ್ಟ್ರ ಅಕ್ಷರದಲ್ಲೇ ಬರ್ಲಿ," ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಸಿಟ್ಟು ಯಾರ ಮೇಲೆ ಎಂದು ನನಗೇ ಸ್ಪಷ್ಟವಿರಲಿಲ್ಲ. ರಾಹುವಿನ ಮೇಲಂತೂ ಅಲ್ಲ.

ಕಂಪ್ಯೂಟರಿನ ಮುಂದೆ ಕೂತೆ. ‘ರಾತ್ರಿಗೆ ಏನು’ ಎಂಬಲ್ಲಿಂದ ರಾ ತೆಗೆದೆ. ‘ಹುಟ್ಟುಹಬ್ಬ’ದಿಂದ ಹು. ‘ಕಾಯಿಪಲ್ಲೆ’ಯಿಂದ ಕಾ. ‘ಇಂದಿನ ಕೆಲಸ’ದಿಂದ ಲ. ನಾಲ್ಕನ್ನೂ ಒಂದೇ ಸಾಲಿಗೆ ಎಳೆದು ಕೂರಿಸಿದೆ. ಅಂಟಿಸಿದ ಗುರುತೇ ಇರಲಿಲ್ಲ. ಅಪ್ಪ ಕೈ ಗಟ್ಟಿಯಿದ್ದ ಕಾಲದಲ್ಲಿ ಖುಷಿಯಿಂದ ಬರೆದ ಹಾಗೆ ರಾಹುಕಾಲ ಎದ್ದು ನಿಂತಿತು. ಕದ್ದು ಕಳಿಸುವ ಉದ್ದೇಶ ನನಗಿರಲಿಲ್ಲ. ಅವನ ಎದುರಿಗೇ ಇಟ್ಟು ಜಗಳ ಆಡಿ ಗೆಲ್ಲಬೇಕು ಎಂದಿತ್ತು. ನಿನ್ನ ಅಕ್ಷರಕ್ಕೇ ಇಲ್ಲದ ಮಡಿ ನಿನಗೆ ಯಾಕೆ ಎಂದು ಕೇಳಬೇಕು ಎಂದು ಮಾತು ಕೂಡ ಸಿದ್ಧ ಮಾಡಿಕೊಂಡಿದ್ದೆ. ಪ್ರಿಂಟ್ ತೆಗೆದು, ಅಪ್ಪ ಪೇಪರ್ ಓದುತ್ತಿದ್ದ ಕಡೆ ಹೋಗಿ, ಪೇಪರಿನ ಮೇಲೆಯೇ ಇಟ್ಟೆ.

ಅಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿದ. ಬೈಯಲಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದ, ಹತ್ತಿರ ತಂದ, ಮತ್ತೆ ದೂರ ಹಿಡಿದ.

"ಇದನ್ನ ನಾನು ಯಾವಾಗ ಬರೆದೆನಮ್ಮ?" ಎಂದ.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಕೈ ಹೋಯಿತು, ಈಗ ತಲೆಯೂ ಹೋಗುತ್ತಿದೆಯೇನೋ ಎನ್ನುವ ಹೆದರಿಕೆ. ನಾನು ಸಿದ್ಧ ಮಾಡಿಕೊಂಡ ಮಾತೆಲ್ಲ ಅಲ್ಲೇ ಬಿಟ್ಟೆ. "ನೀನು ಬರೆದಿಲ್ಲ ಅಪ್ಪ, ನಾನೇ ಜೋಡಿಸಿದ್ದು," ಎಂದು ಅವಸರ ಅವಸರವಾಗಿ ಹೇಳಿ, ಯಾವ ಅಕ್ಷರ ಎಲ್ಲಿಂದ ಬಂತು ಎಂದು ತೋರಿಸಿದೆ. ಅವನ ಮುಖಕ್ಕೆ ಜೀವ ಬಂದಂತಾಯಿತು. ಆಮೇಲೆ ಹಾಳೆಯನ್ನು ನಾಲ್ಕು ಮಡಿಕೆ ಮಡಿಸಿ ನನ್ನ ಕೈಗೆ ಕೊಟ್ಟ.

"ಹಂಗಾದ್ರೆ ಇನ್ಮೇಲೆ ನನ್ನ ಕೈಲಿ ಏನು ಬೇಕಾದ್ರೂ ಬರೆಸ್ಬೋದು ನೀನು. ನಾನು ಇರೋದೇ ಬೇಕಾಗಿಲ್ಲ."

ನನಗೆ ಅಳು ಬಂತು. ಅವನ ಮುಂದೆ ಅಳದೆ ಅಂಗಡಿ ಕೋಣೆಗೆ ಬಂದು ಆ ಫೈಲನ್ನು ಅಳಿಸಿದೆ. ಆರ್ಡರು ಬೇಡವೆಂದು ಫೋನಿನಲ್ಲಿ ಹೇಳಿದರೆ ಆ ಹೆಂಗಸು ಮಾತಿನಲ್ಲಿ ನನ್ನನ್ನು ಮಡಚಿಬಿಡುತ್ತಾರೆ ಎಂದು ಗೊತ್ತಿತ್ತು. ಎದುರಿಗೆ ಹೋಗಿಯೇ ಹೇಳೋಣವೆಂದು ಗುರುವಾರ ಹೊರಟೆ.

ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಶಿಡ್ಲಘಟ್ಟ ತಲುಪಿದಾಗ ಒಂದೂವರೆ ದಾಟಿತ್ತು. ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದರೆ ಮಷೀನುಗಳೆಲ್ಲ ಸುಮ್ಮನಿದ್ದವು. ಆ ಹೆಂಗಸು ಒಂದು ಕುರ್ಚಿಯ ಮೇಲೆ ಕೂತು, ಇನ್ನೊಂದರ ಮೇಲೆ ಕಾಲು ಚಾಚಿ, ಕಡಲೆಕಾಯಿ ಬಿಡಿಸಿಕೊಂಡು ತಿನ್ನುತ್ತಿದ್ದರು. ಯಾರೆಂದು ಹೇಳಿದ ಮೇಲೂ ಕಾಲು ಕೆಳಗಿಳಿಸಲಿಲ್ಲ.

"ಕೂತ್ಕೊಳಿ ಮೇಡಂ. ಈಗ ರಾಹುಕಾಲ. ಮೂರರ ತನಕ ನಾನು ಯಾರಿಗೂ ಇಲ್ಲ."

ನೀವು ಅಷ್ಟೊಂದು ನಂಬುತ್ತೀರಾ ಎಂದು ಕೇಳಿದೆ. ಕೇಳಿದ ರೀತಿ ಸ್ವಲ್ಪ ಒರಟಾಗಿಯೇ ಇತ್ತು.

"ನಂಬಿಕೆ ಗಿಂಬಿಕೆ ನಂಗೊತ್ತಿಲ್ಲ. ಗಿರಾಕಿಗಳು ನಂಬ್ತಾರಲ್ಲ, ಸಾಕು. ಈ ಹೊತ್ತಲ್ಲಿ ಹೊಸ ಬಟ್ಟೆಗೆ ಕತ್ತರಿ ಹಾಕಿಸಲ್ಲ, ಅಳತೆ ಕೊಡೋಕೂ ಬರಲ್ಲ. ಮದುವೆ ಸೀಸನ್‌ನಲ್ಲಿ ಬೆಳಗ್ಗಿಂದ ರಾತ್ರಿ ತನಕ ನಾನು ಕೂರೋದು ಇದೊಂದೇ ಹೊತ್ತು. ನಮ್ಮನೇಲಿ ಅತ್ತೆನೂ ಅಷ್ಟೇ, ಈ ಹೊತ್ತಲ್ಲಿ ಯಾವ ಕೆಲಸಾನೂ ಶುರು ಮಾಡು ಅನ್ನಲ್ಲ. ದಿನಾ ಒಂದೊಂದು ಟೈಮಿಗೆ ಬರುತ್ತಲ್ಲ, ಮರ್ತೋಗುತ್ತೆ. ಅದಕ್ಕೇ ಬರೆದಿರ್ಲಿ ಅಂದಿದ್ದು."

ಒಂದು ಹಿಡಿ ಕಡಲೆಕಾಯಿ ನನ್ನ ಕಡೆ ತಳ್ಳಿದರು. ಆರ್ಡರು ಬೇಡ ಎಂದು ಹೇಳಲು ಬಂದವಳು ಅದನ್ನು ತಿನ್ನುತ್ತ ಕೂತೆ. ಎರಡು ದಿನ ಟೈಮ್ ಕೊಡಿ ಎಂದು ಕೇಳಿ ಎದ್ದು ಬಂದೆ.

ಮನೆಗೆ ಬಂದು ಅಪ್ಪನಿಗೆ ನಡೆದದ್ದನ್ನೆಲ್ಲ ಹೇಳಿದೆ. ಒಪ್ಪಿಸಲೆಂದು ಹೇಳಿದ್ದಲ್ಲ, ಆ ಹೆಂಗಸು ಕಾಲು ಚಾಚಿ ಕೂತದ್ದನ್ನು ಹೇಳಲೇಬೇಕಿತ್ತು. ಅಪ್ಪ ಪೂರ್ತಿ ಕೇಳಿದ. ಕೇಳಿ, ಡೈರಿ ಬೋರ್ಡಿನ ದಿನ ನಕ್ಕಂತೆ ನಕ್ಕ.

"ಅಂದ್ರೆ ಅವರಿಗೆ ಬೇಕಿರೋದು ರಾಹುಕಾಲ ಅಲ್ಲ ಕಣಮ್ಮ, ಆ ಒಂದೂವರೆ ಗಂಟೆ ಬಿಡುವು. ಹೆಸರು ತಪ್ಪಾಗೈತೆ, ಅಷ್ಟೇ."

"ಏನಂತ ಇಡೋದು?"

ಅಪ್ಪ ಯೋಚಿಸಿದ. ಮಕ್ಕಳ ಪ್ರಬಂಧ ತಿದ್ದುವಾಗಲೂ ಹೀಗೆಯೇ ತುಟಿ ಒಳಗೆ ಎಳೆದುಕೊಳ್ಳುತ್ತಿದ್ದ. "‘ನನ್ನ ಹೊತ್ತು’ ಅಂತ ಇಡು. ಎಷ್ಟರಿಂದ ಎಷ್ಟರ ತನಕ ಅಂತ ಪಕ್ಕದಲ್ಲಿ ಹಾಕು. ರಾಹುಕಾಲ ಗೊತ್ತಿರೋರಿಗೆ ಗೊತ್ತಾಗುತ್ತೆ. ಗೊತ್ತಿಲ್ಲದೋರು ಸುಮ್ನೆ ಕೂತ್ಕೊಳ್ಳಲಿ."

ಶಿಡ್ಲಘಟ್ಟಕ್ಕೆ ಫೋನು ಮಾಡಿದೆ. ಹೊಸ ಹೆಸರು ಹೇಳಿದೆ. "ನಮ್ಮತ್ತೆಗೆ ರಾಹುಕಾಲ ಅಂತ ನಾನು ಓದಿ ಹೇಳ್ತೀನಿ ಬಿಡಿ. ಹಾಕಿ ಮೇಡಂ," ಎಂದರು.

ಜೋಡಿಸಲು ಕೂತೆ. ನವೆಂಬರಿನಲ್ಲಿ ನ ಇತ್ತು, ‘ಹೊಸ ಬಟ್ಟೆ’ಯಲ್ಲಿ ಹೊ ಇತ್ತು. ಹುಡುಕಿದರೆ ಉಳಿದದ್ದೂ ಸಿಗುತ್ತಿತ್ತು. ಆದರೆ ಅಪ್ಪ ಹಿಂದೆಯೇ ಬಂದು ನಿಂತ.

"ಆ ಪೆನ್ನು ಎಲ್ಲಿಟ್ಟಿದ್ದೀಯಾ?"

"ಯಾಕಪ್ಪಾ ಸುಮ್ನೆ ತೊಂದ್ರೆ? ಎಲ್ಲ ಅಕ್ಷರ ಇಲ್ಲೇ ಇದ್ದಾವೆ. ನೀನು ಒಪ್ಪಿದೀಯಲ್ಲ."

"ಅವು ಬೇರೇದಕ್ಕೆ ಬರೆದಿದ್ದು. ಇದಕ್ಕೆ ಒಪ್ಪಿರೋದು ಈಗ. ಈಗಿನ ಕೈಲೇ ಬರೀತೀನಿ."

ಗೋಡೆಯ ಗಡಿಯಾರ ನೋಡಿ, ಅವತ್ತಿನ ರಾಹುಕಾಲ ಶುರುವಾಗುವ ತನಕ ಕಾದು ಕೂತ. ಹಟ ಅವನಿಗೆ ಕಡಿಮೆಯಾಗಿರಲಿಲ್ಲ. ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡು ಬರೆದ. ಹಾಳೆ ಮೇಲೆ ಹಾಳೆ ಹೋಯಿತು. ಕೊನೆಗೆ ಒಂದನ್ನು ಇದು ಇರಲಿ ಎಂದ. ನ ಹೇಗೋ ನಿಂತಿತ್ತು, ಒತ್ತಕ್ಷರಗಳು ಅಲುಗಾಡಿದ್ದವು. ಪ್ರೆಸ್ಸಿನವರು ಪುಟ ನೋಡಿ, "ಮೇಡಂ, ಇದೊಂದು ಸಾಲು ನಡುಗಿದೆ, ನೀಟಾಗಿ ಮಾಡ್ಲಾ?" ಎಂದು ಕೇಳಿದರು. ಮುಟ್ಟಬೇಡಿ ಎಂದೆ, ಸ್ವಲ್ಪ ಜೋರಾಗಿಯೇ.

ಶಿಡ್ಲಘಟ್ಟದ ಆರ್ಡರು ಆಮೇಲೂ ತಪ್ಪಿಲ್ಲ. ಬೇರೆ ಅಂಗಡಿಗಳವರೂ ಆ ಸಾಲು ಇರುವುದನ್ನೇ ಕೇಳುತ್ತಾರೆ. ಉಳಿದ ತಲೆಬರಹಗಳು ಹಳೆಯವೇ. ‘ನನ್ನ ಹೊತ್ತು’ ಮಾತ್ರ ಪ್ರತಿ ವರ್ಷ ಹೊಸದು. ಒಂದು ಸಲ ನಾನು, ಹೋದ ವರ್ಷದ್ದನ್ನೇ ಹಾಕೋಣ, ಕೈಗೆ ಯಾಕೆ ಕಷ್ಟ ಎಂದೆ. "ಹೋದ ವರ್ಷ ನೀನು ಕೇಳಿದ್ದೆ, ನಾನು ಬರೆದೆ. ಈ ವರ್ಷ ಕೇಳಿದ್ಯಾ?" ಎಂದ.

ಈ ವರ್ಷವೂ ಕೇಳಿದೆ. ಅಪ್ಪ ಹೂಂ ಎಂದು ಪೆನ್ನು ಹಿಡಿದ. ‘ಹೊತ್ತು’ ಬರೆಯುವಾಗ ಕೈ ಜಾರಿ, ಅಕ್ಷರ ಗೆರೆ ದಾಟಿ ಕೆಳಗೆ ಇಳಿಯಿತು. ಇನ್ನೊಮ್ಮೆ ಬರೆಯಲಾ ಎಂದು ಅವನೂ ಕೇಳಲಿಲ್ಲ, ಬರಿ ಎಂದು ನಾನೂ ಹೇಳಲಿಲ್ಲ. ಅದನ್ನು ಹಾಗೆಯೇ ಸ್ಕ್ಯಾನ್ ಮಾಡಿ, ಅದಕ್ಕೆ ಜಾಗ ಬಿಟ್ಟು, ಪುಟದ ಉಳಿದ ಗೆರೆಗಳನ್ನೆಲ್ಲ ಕೆಳಕ್ಕೆ ಸರಿಸಿದೆ.