ಅಂಟಾರ್ಕ್ಟಿಕಾಕ್ಕ ಒಯ್ದ ಉಡಿಯಕ್ಕಿ

ಕುಂತಲ್ಲಿ ಕುಂದ್ರೂ ಹೆಂಗಸು ನಾನಲ್ಲ. ಕುಷ್ಟಗಿ ಸಾಲ್ಯಾಗ ಭೂಗೋಳ ಕಲಿಸೂ ಮುಂದ, ನಕಾಶಿ ತಳದಾಗ ಬೆಳ್ಳಗ ಬಿದ್ಕೊಂಡಿದ್ದ ಅಂಟಾರ್ಕ್ಟಿಕಾ ಮ್ಯಾಲೆ ಕೋಲು ಇಟ್ಟಾಗೆಲ್ಲಾ ಒಳಗ ಒಂದ ತಳಮಳ: ಇದರ ಮ್ಯಾಲೆ ಒಮ್ಮೆ ಕಾಲಿಡಬೇಕು. ರಿಟೈರ್ ಆದಕೂಡ್ಲೆ ಹಡಗಿನ ಟಿಕೆಟ್ ತಗಸಿದೆ. "ಅಕ್ಕೋರಿಗೆ ಹುಚ್ಚು ಹಿಡದೈತಿ" ಅಂತ ಓಣಿ ಮಂದಿ ನಕ್ರು. ನಗಲಿ ಬಿಡ್ರಿ.

ಅತ್ತಿ ನಗಲಿಲ್ಲ. ನಾ ಹೊಂಡೂ ಮುಂದ ಹುಲಿಗಿಗೆ ಕರಕೊಂಡು ಹೋಗಿ, ದೇವಿ ಗುಡಿ ಕಟ್ಟಿ ಮ್ಯಾಲೆ ಕುಂದ್ರಿಸಿ, ಸೆರಗು ಒಡ್ಡಿಸಿ ಉಡಿ ತುಂಬಿದ್ರು. ಅಕ್ಕಿ, ಕೊಬ್ಬರಿ ಬಟ್ಟಲ, ಉತ್ತತ್ತಿ. ಗಂಡ ತೀರಿಕೊಂಡಾಗಿಂದ ಯಾರೂ ನನ್ನ ಉಡಿ ತುಂಬಿರಲಿಲ್ಲ. ಗಂಡ ಇಲ್ಲದಾಕಿಗೆ ಉಡಿ ಇಲ್ಲ, ಅದು ನಮ್ಮ ಕಡಿ ರೂಢಿ. ಬಾಜೂಕ ಕುಂತಾಕಿ ಒಬ್ಬಾಕಿ ಹುಬ್ಬು ಏರಿಸಿದ್ಲು.

"ನನ್ನ ಸೊಸಿ ದೂರ ಹೊಂಟಾಳ. ನಿನಗೇನ ತ್ರಾಸು?" ಅಂತ ಅತ್ತಿ ಆಕಿಗೆ ಅಂದ್ರು. ನನಗ, "ಆ ನೆಲಾ ಮುಟ್ಟೂತನಕಾ ಈ ಅಕ್ಕಿ ಮೈಮ್ಯಾಲೆ ಇರಲಿ, ಯವ್ವಾ. ಚೆಲ್ಲಬ್ಯಾಡ" ಅಂದ್ರು. ನನಗ ಅಳು ಬಂತು, ಸಿಟ್ಟೂ ಬಂತು, ಇಷ್ಟು ವರ್ಷ ಯಾಕ ಸುಮ್ನಿದ್ವಿ ಅಂತ.

ದಕ್ಷಿಣ ಅಮೆರಿಕದ ತುದಿ ಬಿಟ್ಟ ಮ್ಯಾಲೆ ಸಮುದ್ರ ನಮ್ಮನ್ನ ಮೊರದಾಗಿನ ಜ್ವಾಳ ಕೇರಿದಂಗ ಕೇರಿತು. ಉಳಿದವರು ಹಾಸಿಗಿ ಹಿಡದ್ರು. ನಾನು ಗೋಡಿ ಹಿಡಕೊಂಡು ಮ್ಯಾಲೆ ಕೆಳಗ ಅಡ್ಡಾಡಿದೆ. ನೆಲಾ ಯಾವಾಗ, ನೆಲಾ ಯಾವಾಗ ಅಂತ ಕೇಳಿ ಕೇಳಿ ಹಡಗಿನವರ ತಲಿ ತಿಂದೆ.

ಇಳಿಯೂಕಿಂತ ಮೊದಲ ತಪಾಸಣಿ. ಹೊರಗಿನ ಒಂದು ಬೀಜ ಸೈತ ಆ ನೆಲಕ್ಕ ಬೀಳಬಾರದಂತ. ಒಬ್ಬ ಹುಡುಗಿ ಎಲ್ಲಾರ ಕೋಟಿಗೆ ಮಷೀನ್ ಹಿಡದು ಧೂಳು ಎಳೀತಿದ್ಲು. ನನ್ನ ಕಿಸೆದಾಗಿಂದ ಅರಿಷಿಣ ಹಚ್ಚಿದ ಒಂದು ಹಿಡಿ ಅಕ್ಕಿ ತಗದ್ಲು. ಕೊಬ್ಬರಿ, ಉತ್ತತ್ತಿ ದಾರ್ಯಾಗ ತಿಂದಿದ್ದೆ, ಅಕ್ಕಿ ಮಾತ್ರ ಜ್ವಾಕಿ ಮಾಡಿದ್ದೆ. ಇದನ್ನ ರೂಮಿನ್ಯಾಗ ಇಡ್ರಿ, ಇಲ್ಲಾ ನೀವ ಹಡಗಿನ್ಯಾಗ ಉಳೀರಿ ಅಂತ ಇಂಗ್ಲೀಷಿನ್ಯಾಗ ಹೇಳಿದ್ಲು.

ರೂಮಿನ್ಯಾಗ ಇಟ್ರ ಅತ್ತಿ ಮಾತು ಹೋಗ್ತೈತಿ, ಕಿಸೆದಾಗ ಇಟ್ರ ನೆಲಾ ಹೋಗ್ತೈತಿ. ಹಿಂದ ನಿಂತವರು ಗೊಣಗಾಕತ್ರು. ಉಡಿಯಕ್ಕಿ ತುಂಬಿಸಿಕೊಂಡಾಕಿ ತಾನ ಉಣ್ಣಬೇಕು, ಅದೂ ರೂಢಿನ. ಮೈಮ್ಯಾಲೆ ಬ್ಯಾಡಂದ್ರ ಹೊಟ್ಟ್ಯಾಗ ಇರಲಿ! ಆಕಿ ಕೈಯಾಗಿಂದ ಅಕ್ಕಿ ಇಸಗೊಂಡು ಬಾಯಿಗೆ ಹಾಕ್ಕೊಂಡು ಕಟಕಟ ಅಗದೆ. ಹುಡುಗಿ ಬಾಯಿ ತೆರಕೊಂಡು ನಿಂತ್ಲು. ಒಂದು ಕಾಳೂ ಬಿಡಲಿಲ್ಲ. ನೀರು ಕುಡದು, ಖಾಲಿ ಕಿಸೆ ಹೊರಳಿಸಿ ತೋರಿಸಿದೆ. ಬಿಟ್ಲು.

ರಬ್ಬರ್ ದೋಣಿ ಇಳದು ಆ ಬೆಳ್ಳನ ನೆಲದ ಮ್ಯಾಲೆ ಕಾಲಿಟ್ಟೆ. ಅಲ್ಲೂ ನಿಂತಲ್ಲಿ ನಿಲ್ಲಲಿಲ್ಲ ನಾನು. ಪೆಂಗ್ವಿನ್ ನೋಡೂದು ಬಿಟ್ಟು, ಯಾವಾಗ ಮನಿ ಮುಟ್ಟಿ ಅತ್ತಿಗೆ ಹೇಳೇನೋ ಅಂತ ಚಡಪಡಿಸಿದೆ.

ಊರಿಗೆ ಬಂದಕೂಡ್ಲೆ ಅತ್ತಿ ಕೇಳಿದ್ದು ಒಂದ: "ಅಕ್ಕಿ?"

"ಹಸೀದ ತಿಂದ್ನಿರಿ."

ಅತ್ತಿ ಹೊಟ್ಟಿ ಹಿಡಕೊಂಡು ನಕ್ರು. ಆಮ್ಯಾಲೆ ತಮ್ಮ ಸೆರಗು ಜಗ್ಗಿಕೊಂಡ್ರು. ಮಾವ ತೀರಿಕೊಂಡಾಗಿಂದ ಅವರ ಉಡಿನೂ ಬರಿದ ಐತಿ ಅನ್ನೂದು ನನಗ ಆಗ ಹೊಳೀತು. ಒಳಗ ಹೋಗಿ ಮೊರದಾಗ ಅಕ್ಕಿ ತಂದೆ.

"ಸೆರಗು ಒಡ್ಡ್ರಿ, ಅತ್ತಿ."

"ನಾ ಎಲ್ಲಿಗೆ ಹೊಂಟೇನಿ?" ಅಂದ್ರು. ಆದ್ರ ಸೆರಗು ಒಡ್ಡಿದ್ರು.