ಮೂರನೇ ಕರೆಗೆ ಬಂದ ಉತ್ತರ

ದೆವ್ವ, ಪವಾಡ, ಕನಸಿನಲ್ಲಿ ಯಾರೋ ಬಂದು ಹೇಳಿದ ಮಾತು, ಇಂಥ ಯಾವುದನ್ನೂ ನಾನು ನಂಬಿದವಳಲ್ಲ. ಭಟ್ಕಳದ ಪೇಟೆಯಲ್ಲಿ ಮೀನು ಮಾರುತ್ತಲೇ ಮುದುಕಿಯಾದವಳು ನಾನು. ಕಿವಿರು ಎತ್ತಿ ನೋಡದೆ ಒಂದು ಬಂಗಡೆಯನ್ನೂ ಕೊಂಡವಳಲ್ಲ. ಇನ್ನು ಬೇರೆಯವರ ಬಾಯಿಂದ ಬಂದ ಕಥೆಯನ್ನು ಹಾಗೇ ಬುಟ್ಟಿಗೆ ಹಾಕಿಕೊಳ್ಳುತ್ತೇನೆಯೇ? ನೀವೂ ನನ್ನ ಮಾತನ್ನು ಹಾಗೇ ತೆಗೆದುಕೊಳ್ಳಬೇಡಿ. ಎತ್ತಿ ನೋಡಿ, ಒತ್ತಿ ನೋಡಿ. ನಡೆದದ್ದನ್ನು ನಡೆದ ಹಾಗೆ ಹೇಳುವುದಷ್ಟೇ ನನ್ನ ಕೆಲಸ.

ಇಷ್ಟು ಕಾಲ ಬಾಯಿ ಮುಚ್ಚಿಕೊಂಡಿದ್ದವಳು ಈಗ ಯಾಕೆ ಬರೆಯುತ್ತಿದ್ದಾಳೆ ಎಂದು ಕೇಳಿದರೆ, ಸಂತೋಷ ತಡೆಯಲಾಗುತ್ತಿಲ್ಲ, ಅದಕ್ಕೆ. ನನ್ನ ಮೊಮ್ಮಗಳು ನಾಗವೇಣಿಗೆ ಕೆಲಸ ಸಿಕ್ಕಿತು! ಮುರ್ಡೇಶ್ವರದ ಹತ್ತಿರದ ಶಾಲೆಯಲ್ಲಿ ವಿಜ್ಞಾನದ ಟೀಚರು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳ ಮೊಮ್ಮಗಳು ಟೀಚರು! ಸುದ್ದಿ ಬಂದ ದಿನ ಬಂದ ಗಿರಾಕಿಗಳಿಗೆಲ್ಲ ಒಂದೊಂದು ಮೀನು ಮೇಲಿಂದ ಹಾಕಿ ಕೊಟ್ಟೆ. ಯಾವತ್ತೂ ಕೊಸರದೆ ಹೋಗದ ಗಿರಾಕಿಗಳು, "ಅಜ್ಜಿಗೆ ಎಂತ ಆತು ಇವತ್ತು?" ಎಂದು ಹೆದರಿ ಹೋದರು. ಈಗ ದಿನಾ ಬೆಳಿಗ್ಗೆ ಅವಳು ಇಸ್ತ್ರಿ ಸೀರೆ ಉಟ್ಟು ಹೊರಟರೆ ಬಸ್ಸು ತಿರುವು ದಾಟುವವರೆಗೂ ನೋಡುತ್ತ ನಿಲ್ಲುತ್ತೇನೆ. ಆಗೆಲ್ಲ ಕುಮಟೆಯ ಆ ಭಾನುವಾರ ನೆನಪಾಗುತ್ತದೆ. ಅವಳ ಓದು ಅವತ್ತೇ ನಿಂತುಹೋಗುವುದರಲ್ಲಿತ್ತು.

ನಾಗವೇಣಿ ಬೆಳೆದದ್ದು ಭಟ್ಕಳದ ಪಕ್ಕದ ನಮ್ಮೂರು ಬೆಳಕೆಯಲ್ಲಿ, ನನ್ನ ಹತ್ತಿರ. ಅಪ್ಪ ಅಮ್ಮ ಇಬ್ಬರೂ ಮಲ್ಪೆಯ ಕಡೆ ಬೋಟಿನ ಕೆಲಸಕ್ಕೆ ಹೋದವರು. ಕಾಲೇಜಿಗೆ ಕುಮಟೆಯಲ್ಲಿ ಸೇರಿದಾಗ ಕ್ರಿಶ್ಚಿಯನ್ ಸಿಸ್ಟರುಗಳು ನಡೆಸುವ ಹಾಸ್ಟೆಲಿನಲ್ಲಿ ಇಟ್ಟೆವು. ಗೇಟು ಗಟ್ಟಿ, ನಿಯಮ ಗಟ್ಟಿ, ನನಗೆ ಬೇಕಾದದ್ದೂ ಅದೇ. ಆದರೆ ಮೊದಲನೇ ವರ್ಷ ಅರ್ಧ ಕಳೆಯುವುದರೊಳಗೆ ಹುಡುಗಿ ಬದಲಾದಳು. ಊಟಕ್ಕೆ ಕುಳಿತರೆ ಒಂದು ಗಳಿಗೆ ಕಣ್ಣು ಮುಚ್ಚುತ್ತಾಳೆ. ಅಕ್ಕಿ ತೊಳೆಯುವಾಗ ನನಗೆ ಗೊತ್ತಿಲ್ಲದ ಯಾವುದೋ ಹಾಡು ಗುನುಗುತ್ತಾಳೆ. ಕೇಳಿದರೆ, ಭಾನುವಾರ ಹಾಸ್ಟೆಲಿನವರ ಜೊತೆ ಕಾಯಿಲೆಯವರ ಮನೆಗಳಿಗೆ ಹೋಗುತ್ತೇವೆ, ಮೈ ಒರೆಸುತ್ತೇವೆ, ಹಾಡು ಹೇಳುತ್ತೇವೆ, ಪ್ರಾರ್ಥನೆ ಮಾಡುತ್ತೇವೆ ಎಂದಳು.

ಪಕ್ಕದ ಮನೆಯ ದುರ್ಗಿಗೆ ಇಷ್ಟು ಸಿಕ್ಕಿದ್ದೇ ಸಾಕಾಯಿತು. "ಅಕ್ಕಾ, ಈಗ ಹಾಡು ಹೇಳೂಕೆ ಕಲ್ಸೀರು. ಬರೂ ವರ್ಷ ಹೆಸ್ರೂ ಬದ್ಲ್ ಮಾಡ್ತ್ರು. ಆಮೇಲೆ ನಿನ್ ಮೊಮ್ಮಗ್ಳನ್ನ ಎಂತ ಹೇಳಿ ಕರೂದು ಅಂಬೂದನ್ನ ಈಗ್ಲೇ ಕೇಳ್ಕಂಡು ಬಾ" ಎಂದಳು. ನಾನು ಅವಳಿಗೆ ಎರಡು ಮಾತು ಬೈದೆ ನಿಜ. ಆದರೆ ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಕೂತಿತು. ಕರೆದುಕೊಂಡು ಬಂದುಬಿಡುತ್ತೇನೆ, ಓದಿದ್ದು ಸಾಕು ಎಂದು ಗಟ್ಟಿ ಮಾಡಿಕೊಂಡೆ. ಹೇಳದೆ ಕೇಳದೆ ಒಂದು ಭಾನುವಾರ ಮಧ್ಯಾಹ್ನ ಕುಮಟೆಯ ಹಾಸ್ಟೆಲಿಗೆ ಹೋಗಿ ಗೇಟು ತಟ್ಟಿದೆ.

ವಾರ್ಡನ್ ಸಿಸ್ಟರ್ ನಗುತ್ತ ಬಂದರು. ನನಗೆ ಆಗಲೇ ಅನುಮಾನ. ನಾನು ಬೆಲೆ ಕೇಳುವ ಮೊದಲೇ ನಗುವವರ ಮೀನು ಯಾವಾಗಲೂ ನಿನ್ನೆಯದು. ನಾಗವೇಣಿ ಹೊನ್ನಾವರದ ಕಡೆ ಹಾಸಿಗೆ ಹಿಡಿದ ಅಜ್ಜಿಯೊಬ್ಬರ ಮನೆಗೆ ಹೋಗಿದ್ದಾಳೆ, ಜೊತೆಗೆ ಇನ್ನೊಬ್ಬ ಸಿಸ್ಟರ್ ಮತ್ತು ಅವಳ ಕೋಣೆಯ ಗೆಳತಿ ಫ್ಲೋರಿನ್ ಇದ್ದಾರೆ, ಸಂಜೆ ಪ್ರಾರ್ಥನೆಗೆ ಬಂದುಬಿಡುತ್ತಾರೆ ಎಂದರು. ಚಹಾ ಕೊಟ್ಟರು. ಚಹಾ ಚೆನ್ನಾಗಿತ್ತು, ಅದರಿಂದ ಅನುಮಾನ ಇನ್ನೂ ಹೆಚ್ಚಾಯಿತು. ನಾಗವೇಣಿಯ ಮಂಚದ ಮೇಲೆ ಕುಳಿತವಳು ಯಾರೂ ಇಲ್ಲದ್ದು ನೋಡಿ ಅವಳ ಟ್ರಂಕು ತೆಗೆದು ತಡಕಿದೆ. ಬಟ್ಟೆ, ಪುಸ್ತಕ, ನಾನೇ ಕಳಿಸಿದ ಒಣ ಸಿಗಡಿಯ ಪೊಟ್ಟಣ. ಬೇರೆ ಏನೂ ಇಲ್ಲ. ಏನೂ ಸಿಗದೆ ಹೋದದ್ದಕ್ಕೆ, ಎಲ್ಲೋ ಚೆನ್ನಾಗಿ ಅಡಗಿಸಿದ್ದಾಳೆ ಎಂದುಕೊಂಡೆ.

ದೀಪ ಹಚ್ಚುವ ಹೊತ್ತಾಯಿತು. ಅವರು ಬಂದಿರಲಿಲ್ಲ. ಗಂಟೆ ಹೊಡೆಯಿತು, ಹುಡುಗಿಯರೆಲ್ಲ ಪ್ರಾರ್ಥನೆಯ ಕೋಣೆಗೆ ಬಂದು ಚಾಪೆಯ ಮೇಲೆ ಕುಳಿತರು. ನಾನು ಎಲ್ಲರ ಹಿಂದೆ, ಬಾಗಿಲಿಗೆ ಒರಗಿ ಕುಳಿತೆ. ಆ ಕೋಣೆಗೆ ಇರುವುದು ಅದೊಂದೇ ಬಾಗಿಲು. ಪ್ರಾರ್ಥನೆಗೆ ಮೊದಲು ಸಿಸ್ಟರ್ ಒಬ್ಬೊಬ್ಬರದೇ ಹೆಸರು ಕರೆಯುತ್ತಿದ್ದರು. ಹುಡುಗಿಯರು "ಪ್ರೆಸೆಂಟ್ ಸಿಸ್ಟರ್" ಎನ್ನುತ್ತಿದ್ದರು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಮಕ್ಕಳಿಗೆ ಒಂದು ಕ್ರಮ ಕಲಿಸುತ್ತೇವೆ. ಮುಸ್ಸಂಜೆ ಹೊತ್ತು ಯಾರೇ ಹೆಸರು ಹಿಡಿದು ಕರೆದರೂ ಮೊದಲ ಕರೆಗೆ ಓಗೊಡಬಾರದು, ಎರಡನೆಯದಕ್ಕೂ ಓಗೊಡಬಾರದು. ಮನುಷ್ಯರಾದರೆ ಮೂರನೇ ಸಲವೂ ಕರೆಯುತ್ತಾರೆ. ಮನುಷ್ಯರಲ್ಲದ್ದು ಎರಡಕ್ಕೇ ಸುಮ್ಮನಾಗುತ್ತದೆ. ನಾನು ನಂಬದಿದ್ದರೂ ನನ್ನ ಅಮ್ಮ ಕಲಿಸಿದ್ದನ್ನು ನಾಗವೇಣಿಗೂ ಕಲಿಸಿದ್ದೆ. ಹಾಸ್ಟೆಲಿಗೆ ಹೋದರೂ ಅವಳು ಅದನ್ನು ಬಿಟ್ಟಿರಲಿಲ್ಲವಂತೆ. ಅವಳ ಹೆಸರನ್ನು ಮಾತ್ರ ದಿನಾ ಮೂರು ಸಲ ಕರೆಯಬೇಕಾಗುತ್ತಿತ್ತು, ಹುಡುಗಿಯರು ನಗುತ್ತಿದ್ದರು.

"ನಾಗವೇಣಿ" ಎಂದರು ಸಿಸ್ಟರ್. ರೂಢಿಯ ಮೇಲೆ ಕರೆದದ್ದು. ಉತ್ತರ ಇಲ್ಲ. "ನಾಗವೇಣಿ." ಇಲ್ಲ. "ನಾಗವೇಣಿ."

"ಹಾಂ, ಬಂದೆ!"

ನನ್ನ ಬಲಗಿವಿಯ ಹತ್ತಿರವೇ ಬಂತು ಆ ದನಿ. ಓಡಿ ಬರುವವರ ದನಿ, ಸ್ವಲ್ಪ ಏದುಸಿರು. ನಾಗವೇಣಿ ಹುಟ್ಟಿದಾಗಿನಿಂದ ಕೇಳಿದ ದನಿ ಅದು, ಅದರಲ್ಲಿ ನಾನು ತಪ್ಪುವವಳಲ್ಲ. ಬಂದಳಲ್ಲ ಎಂದು ತಿರುಗಿದೆ. ಬಾಗಿಲಲ್ಲಿ ಯಾರೂ ಇಲ್ಲ. ಎದ್ದು ಜಗಲಿಗೆ ಹೋಗಿ ನೋಡಿದೆ. ಗೇಟಿಗೆ ಬೀಗ ಹಾಕಿಯೇ ಇತ್ತು. ಒಳಗೆ ಸಿಸ್ಟರ್ ಮುಂದಿನ ಹೆಸರು ಕರೆದಾಗಿತ್ತು.

ನನಗೆ ಹೆದರಿಕೆ ಆಗಲಿಲ್ಲ, ಸಿಟ್ಟು ಬಂತು. ಹುಡುಗಿಯನ್ನು ಎಲ್ಲೋ ಬಚ್ಚಿಟ್ಟು ನನ್ನ ಕಿವಿಗೆ ಹೂವು ಇಡುತ್ತಿದ್ದಾರೆ! "ಈಗ ಮಾತಾಡಿದ್ದು ಯಾರು? ಎಲ್ಲಿತ್ತು ನನ್ ಕೂಸು?" ಎಂದು ಪೇಟೆಯ ದನಿಯಲ್ಲೇ ಕೇಳಿದೆ. ಸಿಸ್ಟರ್ ಮುಖ ಬಿಳಿಚಿಕೊಂಡಿತು. "ನಾನೂ ಕೇಳಿದೆನಲ್ಲ ಅಜ್ಜಿ, ಬಂದಳು ಅಂತಲೇ ಅಂದುಕೊಂಡೆ" ಎಂದರು. ನಾನು ಬಿಡಲಿಲ್ಲ. ಒಬ್ಬೊಬ್ಬ ಹುಡುಗಿಯನ್ನೂ ಎಬ್ಬಿಸಿ "ಹಾಂ, ಬಂದೆ" ಎಂದು ಹೇಳಿಸಿದೆ. ಬುಟ್ಟಿಯ ಮೀನನ್ನೆಲ್ಲ ಒಂದೊಂದೇ ಎತ್ತಿ ನೋಡಿದ ಹಾಗೆ. ಒಬ್ಬಳು ನಗು ತಡೆಯಲಾರದೆ ಕೆಮ್ಮಿದಳು, ಇನ್ನೊಬ್ಬಳು ಅತ್ತೇಬಿಟ್ಟಳು. ಯಾರ ದನಿಯೂ ಅದಲ್ಲ. ಮೊಬೈಲಿನ ಕರಾಮತ್ತು ಇರಬೇಕೆಂದು ಅದನ್ನೂ ಕೇಳಿದೆ. ಪ್ರಾರ್ಥನೆಗೆ ಮೊದಲು ಎಲ್ಲರ ಮೊಬೈಲನ್ನೂ ಆಫೀಸಿನಲ್ಲಿಟ್ಟು ಬೀಗ ಹಾಕುತ್ತಾರಂತೆ. ಹೋಗಿ ಬೀಗ ಎಳೆದು ನೋಡಿದೆ.

ಸಿಸ್ಟರ್ ಹೊನ್ನಾವರಕ್ಕೆ ಫೋನ್ ಹಚ್ಚಿದರು. ಮೊದಲು ಯಾರೂ ಎತ್ತಲಿಲ್ಲ. ಆಮೇಲೆ ಆ ಕಡೆಯಿಂದಲೇ ಬಂತು, ಸಿಸ್ಟರ್ ಫೋನನ್ನು ನನ್ನ ಕೈಗೆ ಕೊಟ್ಟರು. ನಾಗವೇಣಿ ಅಳುತ್ತಿದ್ದಳು.

"ಅಜ್ಜಿ? ನೀ ಎಂತಕ್ಕೆ ಅಲ್ಲಿದ್ದೆ?"

"ನಂದಿರ್ಲಿ. ನೀ ಎಲ್ಲಿದ್ದೆ ಹೇಳು."

ಅವಳು ಹೇಳಿದ್ದು ಇಷ್ಟು. ಮುಸ್ಸಂಜೆ ಹೊತ್ತು, ಎಲ್ಲರೂ ಅಂಗಳಕ್ಕೆ ಇಳಿದು ರಿಕ್ಷಾ ಹತ್ತುವುದರಲ್ಲಿದ್ದರು. ಮನೆಯವರೂ ಕಳಿಸಿಕೊಡಲು ಹೊರಗೆ ಬಂದಿದ್ದರು. ಆಗ ಒಳಗಿನಿಂದ ಯಾರೋ "ನಾಗವೇಣಿ" ಎಂದು ಕರೆದ ಹಾಗಾಯಿತು. ಮೂರನೇ ಸಲ ಕರೆದಾಗ "ಹಾಂ, ಬಂದೆ" ಎಂದು ಓಡಿದಳು. ಒಳಗೆ ಆ ಅಜ್ಜಿಗೆ ವಾಂತಿಯಾಗಿ, ಅಂಗಾತ ಮಲಗಿದ್ದರಿಂದ ಗಂಟಲಿಗೆ ಕಟ್ಟಿ, ಕಣ್ಣು ಮೇಲಾಗಿತ್ತು. ಇವಳು ಮಗ್ಗುಲಿಗೆ ಹೊರಳಿಸಿ ಬಾಯಿಗೆ ಬೆರಳು ಹಾಕಿ ತೆಗೆದಳು. ಉಸಿರು ಬಂತು. ಈಗ ಡಾಕ್ಟರು ನೋಡುತ್ತಿದ್ದಾರೆ.

"ಮತ್ತೆ ಆ ಅಜ್ಜಿ ಕರ್ದದ್ದಾ ನಿನ್ನ?" ಎಂದು ಕೇಳಿದೆ.

"ಅವ್ರಿಗೆ ಮಾತೇ ಇಲ್ಲ ಅಜ್ಜಿ" ಎಂದಳು. "ಬಾಯಿ ಹೋಗಿ ಎರಡು ವರ್ಷ ಆತು."

ರಾತ್ರಿ ನಾನು ಹಾಸ್ಟೆಲಿನಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ಅವರು ಬಂದರು. ನಾನು ಮೊದಲು ಫ್ಲೋರಿನಳನ್ನು ಒಂದು ಕಡೆ ಕರೆದು ಕೇಳಿದೆ, ಆಮೇಲೆ ಅವರ ಜೊತೆ ಹೋಗಿದ್ದ ಸಿಸ್ಟರನ್ನು, ಕೊನೆಗೆ ನಾಗವೇಣಿಯನ್ನು. ಮೂವರ ಮಾತೂ ತಾಳೆಯಾಯಿತು. ಕರೆದದ್ದನ್ನು ನಾಗವೇಣಿ ಬಿಟ್ಟು ಯಾರೂ ಕೇಳಿರಲಿಲ್ಲ. ಅವಳು "ಬಂದೆ" ಎಂದದ್ದನ್ನು ಮಾತ್ರ ಎಲ್ಲರೂ ಕೇಳಿದ್ದರು. ತಾಳೆಯಾದಷ್ಟೂ ನನಗೆ ಅನುಮಾನ. ಸುಳ್ಳನ್ನು ಕೂಡಿ ಕಟ್ಟಿದವರ ಮಾತೂ ಹೀಗೇ ತಾಳೆಯಾಗುತ್ತದೆ. ಆದರೆ ಫೋನ್ ಬರುವ ಮೊದಲೇ ಆ ದನಿಯನ್ನು ಕೇಳಿದವಳು ನಾನು. ನಾನು ಯಾರ ಜೊತೆ ಕೂಡಿ ಸುಳ್ಳು ಕಟ್ಟಿದ್ದೆ?

"ನನ್ನ ಕರ್ಕಂಡು ಹೋಗೂಕೇ ಬಂದದ್ದಲ್ದ ನೀನು?" ಎಂದಳು ನಾಗವೇಣಿ. ಟ್ರಂಕು ತಡಕಿದ್ದು ಅವಳಿಗೆ ಗೊತ್ತಾಗಿತ್ತು.

"ಹೌದು. ನೀ ಅವ್ರ ಜಾತಿ ಸೇರ್ತ್ಯ ಹೇಳು, ಈಗ್ಲೇ ಹೇಳಿಬಿಡು."

"ನಂಗೆ ಯಾರೂ ಸೇರು ಅಂದದ್ದಿಲ್ಲ ಅಜ್ಜಿ. ಹಾಡು ಚಂದ ಇತ್ತು, ಹೇಳ್ತೆ. ನೀ ಬಾ ಅಂದ್ರೆ ಇವತ್ತೇ ಬತ್ತೆ." ಟ್ರಂಕನ್ನು ಎಳೆದು ನನ್ನ ಮುಂದಿಟ್ಟಳು. "ಆದ್ರೆ ನಿನ್ನೆ ನಾ ಇಲ್ದೇ ಇದ್ರೆ ಎಂತ ಆಗ್ತಿತ್ತು, ಅದ್ನೊಂದು ಹೇಳು."

ನಾನು ಅವಳ ಟ್ರಂಕನ್ನು ಮಂಚದ ಕೆಳಗೆ ಕಾಲಿನಿಂದ ತಳ್ಳಿ ಒಬ್ಬಳೇ ಬಸ್ಸು ಹತ್ತಿದೆ.

ಆದರೂ ನನ್ನ ಬುದ್ಧಿ ನೋಡಿ, ಸೀದಾ ಊರಿಗೆ ಬರಲಿಲ್ಲ. ಹೊನ್ನಾವರದಲ್ಲಿ ಇಳಿದು, ವಿಚಾರಿಸಿಕೊಂಡು ಆ ಮನೆ ಹುಡುಕಿದೆ. ಮಾತಿಲ್ಲ ಎನ್ನುವುದು ನಿಜವೋ ಸುಳ್ಳೋ ಕಣ್ಣಾರೆ ನೋಡಬೇಕಿತ್ತು. ನಾನು ನಾಗವೇಣಿಯ ಅಜ್ಜಿ ಎಂದ ಕೂಡಲೇ ಸೊಸೆ ಕೈ ಹಿಡಿದು ಒಳಗೆ ಕರೆದೊಯ್ದಳು. ಬಾಯಿ ಒಂದು ಕಡೆ ವಾಲಿದ, ನನ್ನದೇ ವಯಸ್ಸಿನ ಹೆಂಗಸು. ಹತ್ತಿರ ಬಗ್ಗಿ, "ನಾಗವೇಣಿ ಹೇಳಿ ಕರ್ದದ್ದು ನೀವೇಯಾ?" ಎಂದೆ. ಗಂಟಲಿನಿಂದ ಗಾಳಿ ಬಂತೇ ಹೊರತು ಮಾತು ಬರಲಿಲ್ಲ. ಆದರೆ ಕಣ್ಣು ನನ್ನನ್ನು ಮೇಲಿಂದ ಕೆಳಗೆ ಅಳೆಯುತ್ತಿತ್ತು. ಯಾರು ಇವಳು, ಎಂತಕ್ಕೆ ಬಂದಳು, ಎಂಬ ಹಾಗೆ.

"ಅತ್ತೆಗೆ ಗಂಜಿ ಹೊತ್ತಾತು, ಸ್ವಲ್ಪ ತಲೆ ಎತ್ತಿ ಹಿಡೀತ್ರಾ?" ಎಂದಳು ಸೊಸೆ. ಹಿಡಿದೆ. ಆಮೇಲೆ ಚಮಚವೂ ನನ್ನ ಕೈಗೇ ಬಂತು. ಆ ಹೆಂಗಸು ಹಲ್ಲು ಕಚ್ಚಿಕೊಂಡು ನನ್ನ ಮುಖ ನೋಡಿದರು, ಚಮಚ ನೋಡಿದರು, ಮತ್ತೆ ಮುಖ ನೋಡಿದರು. ನಾನೂ ಬಿಡದೆ ಅವರನ್ನೇ ನೋಡಿದೆ. ತುಂಬಾ ಹೊತ್ತಾದ ಮೇಲೆ ಬಾಯಿ ತೆರೆದರು.

ಕುಮಟೆಯಲ್ಲಿ ಕರೆದದ್ದು ಹೊನ್ನಾವರದಲ್ಲಿ ಹೇಗೆ ಕೇಳಿತು, ಅಲ್ಲಿ ಓಗೊಟ್ಟದ್ದು ನನ್ನ ಕಿವಿಯ ಹತ್ತಿರ ಹೇಗೆ ಬಂತು, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿದೆ ಎಂದು ಹೇಳಲು ಬಂದವರನ್ನೆಲ್ಲ ನಂಬದೆ ಕಳಿಸಿದ್ದೇನೆ. ನಾನು ಆ ಗಂಜಿಯ ಬಟ್ಟಲು ಖಾಲಿ ಮಾಡಿಸಿಯೇ ಎದ್ದೆ. ಅಷ್ಟರಲ್ಲಿ ಬೆಳಕೆಯ ಬಸ್ಸು ಹೋಗಿಯಾಗಿತ್ತು.